ಕುರುವಿನ ಮಾತ್ರೆ, ಊದಿದ ಮಿದುಳು

ಇವತ್ತಿನ ಕತೆ ಫ್ರಾನ್ಸ್‌ದು, 1954ರದ್ದು. ಶುರುವಾಗೋದು ಒಂದು ಕುರುವಿನಿಂದ. ಹೌದು, ಕತ್ತಿನ ಹಿಂದೆ, ತೊಡೆ ಮೇಲೆ ಏಳುತ್ತಲ್ಲ, ಅದೇ ಕೀವು ತುಂಬಿದ ಕುರು.

ಇಂಥ ಕುರುಗಳಿಗೆ ತವರದ ಮಾತ್ರೆ ಕೊಡೋ ರೂಢಿ ಅಲ್ಲಿ ಮೊದಲ ಮಹಾಯುದ್ಧದ ಕಾಲದಿಂದಲೂ ಇತ್ತು. ತವರ ಅಂದ್ರೆ ಟಿನ್. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ತಾರಲ್ಲ, ಅದೇ ಲೋಹ. ಬರೀ ತವರ ಹೊಟ್ಟೆಗೆ ಹೋದರೆ ದೇಹ ಅದನ್ನು ಬಹುಪಾಲು ಹೀರಿಕೊಳ್ಳೋದೇ ಇಲ್ಲ. ಆದರೆ ತವರದ ಪರಮಾಣುವಿಗೆ ಇಂಗಾಲದ ಕೊಂಡಿಗಳನ್ನು ಜೋಡಿಸಿದರೆ ಅದು ಆರ್ಗ್ಯಾನೋಟಿನ್ ಆಗುತ್ತೆ, ಕೊಬ್ಬಿನಲ್ಲಿ ಕರಗುತ್ತೆ. ನಮ್ಮ ಜೀವಕೋಶದ ಪೊರೆ ಇರೋದೇ ಕೊಬ್ಬಿನಿಂದ. ಇನ್ನು ಬಾಗಿಲು ತಟ್ಟೋ ಪ್ರಶ್ನೆ ಎಲ್ಲಿ?

ಜಾರ್ಜ್ ಫ್ಯೂಯೆ ಅನ್ನೋ ಔಷಧ ತಯಾರಕ ಮಾರುಕಟ್ಟೆಗೆ ಬಿಟ್ಟ ಕ್ಯಾಪ್ಸೂಲ್ ಹೆಸರು ಸ್ಟಾಲಿನಾನ್. (ರಷ್ಯಾದ ಸ್ಟಾಲಿನ್ ಇಲ್ಲಿ ಬರಲ್ಲ.) ಅದರಲ್ಲಿ ಇರಬೇಕಾಗಿದ್ದು ಡೈಈಥೈಲ್ ಟಿನ್. ಜೊತೆಗೆ ಸೇರಿಕೊಂಡಿದ್ದು ಅದಕ್ಕಿಂತ ಬಹಳ ಘೋರವಾದ ಟ್ರೈಈಥೈಲ್ ಟಿನ್. ಕೆಲವೇ ದಿನಗಳಲ್ಲಿ ಸಹಿಸಲಾಗದ ತಲೆನೋವು, ವಾಂತಿ, ಕಣ್ಣು ಮಂಜಾಗೋದು, ಕೈಕಾಲು ಸ್ವಾಧೀನ ತಪ್ಪೋದು. ಇನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸುಮಾರು 100 ಜನ ಸತ್ತರು. ಉಳಿದವರಲ್ಲಿ ಹಲವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಕುರುವಿಗೆ ಮಾತ್ರೆ ತಗೊಂಡವರು ಇವರು!

ಒಳಗೆ ಏನಾಯ್ತು ಅನ್ನೋದನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ಕಾರ್ಶಾಲ್ಟನ್ ಪ್ರಯೋಗಾಲಯದ ನಾರ್ಮನ್ ಆಲ್ಡ್ರಿಜ್ ಮತ್ತು ಸಂಗಡಿಗರು ಮುಖ್ಯರು. ಇಲಿಗಳಿಗೆ ಟ್ರೈಈಥೈಲ್ ಟಿನ್ ಕೊಟ್ಟಾಗ ಅವುಗಳ ಮಿದುಳಿನ ಬಿಳಿ ಭಾಗದಲ್ಲಿ ನೀರು ತುಂಬಿತು. ನರದ ಎಳೆಗೆ ಮಯಲಿನ್ ಅನ್ನೋ ಪೊರೆ ಪದರ ಪದರವಾಗಿ ಸುತ್ತಿಕೊಂಡಿರುತ್ತೆ. ಆ ಪದರಗಳೇ ಬಿಟ್ಟುಕೊಂಡು ನಡುವೆ ನೀರು ನಿಂತಿತ್ತು. ಮನುಷ್ಯರಲ್ಲೂ ಮಿದುಳು ಹೀಗೇ ಊದಿತ್ತು. ತಲೆಬುರುಡೆ ಹಿಗ್ಗಲ್ಲವಲ್ಲ, ಒತ್ತಡ ಮಿದುಳಿನ ಮೇಲೇ ಬೀಳುತ್ತೆ.

ಇನ್ನೊಂದು ಪೆಟ್ಟು ಮೈಟೋಕಾಂಡ್ರಿಯಾಕ್ಕೆ. ಲಿಂಗನಮಕ್ಕಿ ಅಣೆಕಟ್ಟು ನೆನಪಿಸಿಕೊಳ್ಳಿ: ಈ ಕಡೆ ನೀರು ತುಂಬಿದೆ, ಆ ಒತ್ತಡದಿಂದ ಟರ್ಬೈನ್ ತಿರುಗಿ ಕರೆಂಟ್ ಬರುತ್ತೆ. ಮೈಟೋಕಾಂಡ್ರಿಯಾದ ಒಳಪೊರೆಯಲ್ಲೂ ಹಾಗೇ, ಒಂದು ಬದಿಯಲ್ಲಿ ಪ್ರೋಟಾನ್‌ಗಳ ಒತ್ತಡ, ಅದರಿಂದ ಎಟಿಪಿ ಅನ್ನೋ ಶಕ್ತಿ. ಟ್ರೈಈಥೈಲ್ ಟಿನ್ ಎರಡೂ ಕೆಡಿಸುತ್ತೆ. ಕ್ಲೋರೈಡನ್ನು ಒಳಗೆ, ಹೈಡ್ರಾಕ್ಸೈಡನ್ನು ಹೊರಗೆ ಸಾಗಿಸಿ ಪೊರೆಯ ಎರಡು ಬದಿಯ ವ್ಯತ್ಯಾಸವನ್ನೇ ಇಳಿಸುತ್ತೆ. ಟರ್ಬೈನ್ ಆಗಿರೋ ಕಿಣ್ವಕ್ಕೂ ಅಡ್ಡ ಕೂರುತ್ತೆ. ಕೋಶ ಉಸಿರಾಡ್ತಾ ಇದ್ರೂ ಶಕ್ತಿಗೆ ಬರಗಾಲ.

1957ರಲ್ಲಿ ವಿಚಾರಣೆ ಆಯ್ತು, ಫ್ಯೂಯೆಗೆ 2 ವರ್ಷ ಜೈಲು. ನಾನು ಕಾಮರ್ಸ್ ಓದಿದವನು, ನನ್ನ ಕಣ್ಣು ಮೊದಲು ಹೋಗೋದು ಕಾಗದಪತ್ರಕ್ಕೆ. ಈ ಔಷಧಕ್ಕೆ ಸರ್ಕಾರದ ಅನುಮತಿ ಇತ್ತು! ನನಗೆ ಹೊಟ್ಟೆ ಉರಿಸೋದೇ ಅದು. ಫ್ರಾನ್ಸ್ ತನ್ನ ಅನುಮತಿ ನಿಯಮಗಳನ್ನು ಬಿಗಿ ಮಾಡಿದ್ದು 1959ರಲ್ಲಿ.

ಆದ್ರೆ ಆರ್ಗ್ಯಾನೋಟಿನ್ ಅಲ್ಲಿಗೆ ನಿಲ್ಲಲಿಲ್ಲ. ಅದರ ಅಣ್ಣತಮ್ಮ ಟ್ರೈಬ್ಯೂಟೈಲ್ ಟಿನ್, ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದ ಹಾಗೆ ಬಳಿಯೋ ಬಣ್ಣಕ್ಕೆ ಸೇರಿತು. ಅದೇ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಮರಿಗಳು ಬದುಕದೆ, ಚಿಪ್ಪುಗಳು ವಿಕಾರವಾಗಿ ದಪ್ಪಗಾಗಿ, ಸಿಂಪಿ ಸಾಕೋರು ಬೀದಿಗೆ ಬಂದರು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಬಣ್ಣ ನಿಲ್ಲಿಸಿತು. ದೊಡ್ಡ ಹಡಗುಗಳಿಗೂ ಅನ್ವಯಿಸೋ ಅಂತಾರಾಷ್ಟ್ರೀಯ ನಿಷೇಧ ಜಾರಿಗೆ ಬಂದಿದ್ದು 2008ರಲ್ಲಿ.