ಶೆವ್ರೊಲೆ ಕಮಾರೊ 1967–69: ಬ್ರೇಕ್ ಆಯ್ಕೆಗಳು

1967ರ ಮಾದರಿಯಾಗಿ ಬಂದ ಕಮಾರೊಗೆ ಕಾರ್ಖಾನೆಯಿಂದ ಸಿಗುತ್ತಿದ್ದುದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವೇಗದಲ್ಲಿ ಪದೇ ಪದೇ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಗ್ಗಿ, ಹಿಡಿತ ತಪ್ಪುತ್ತಿತ್ತು. ಹೆಚ್ಚಿನ ಹಣ ಕೊಟ್ಟವರಿಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ದೊರೆಯುತ್ತಿತ್ತು. ರೇಸಿಗೆಂದೇ ರೂಪುಗೊಂಡ ಜೆಡ್/28 ಮಾದರಿಯನ್ನು ಕೊಳ್ಳುವವರಿಗೆ ಅದು ಕಡ್ಡಾಯವಾಗಿತ್ತು.

ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಗಮನಿಸಿ: 1967–68ರ ಮುಂದಿನ ಡಿಸ್ಕ್‌ಗಳಲ್ಲಿ ನಾಲ್ಕು ಪಿಸ್ಟನ್, 1969ರಲ್ಲಿ ಒಂದೇ. ಇನ್ನು ಕಾಯುವ ತೊಂದರೆಗೆ ಬಂದರೆ, ಡಿಸ್ಕಿನ ಎರಡು ಮುಖಗಳ ನಡುವಿನ ಸಂದುಗಳಲ್ಲಿ ಗಾಳಿ ಹಾಯ್ದು ಬಿಸಿ ಇಳಿಯುತ್ತದೆ.

1969ರಲ್ಲಿ ಮಾತ್ರ ಇದ್ದ ಜೆಎಲ್8 ಆಯ್ಕೆಯಲ್ಲಿ ಹಿಂದಿನ ಚಕ್ರಗಳಿಗೂ ಡಿಸ್ಕ್. ಬೆಲೆ ಸುಮಾರು 500 ಡಾಲರ್. ಆ ವರ್ಷ ತಯಾರಾದ ಸುಮಾರು 2.4 ಲಕ್ಷ ಕಮಾರೊಗಳಲ್ಲಿ ಇದನ್ನು ಪಡೆದದ್ದು 206 ಕಾರುಗಳು.