‘ಅಬ್ಬೆ’ ಎಂದರೆ ತಾಯಿಯೋ, ಜಲಪಾತವೋ?

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ಹರಿಯಬ್ಬೆ ಎಂಬ ಊರಿದೆ. ಮಡಿಕೇರಿ ಬಳಿ ಅಬ್ಬಿ ಜಲಪಾತವಿದೆ. ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಇಂಗ್ಲಿಷಿನಲ್ಲಿ ‘ಅಬ್ಬಿ’ ಎನ್ನುತ್ತಾರೆ. ಇವೆಲ್ಲ ಒಂದೇ ಪದವೇ? ಅಲ್ಲ. ಒಂದೊಂದಾಗಿ ನೋಡೋಣ.

ಅಬ್ಬೆ ಎಂದರೆ ತಾಯಿ

ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಅಮ್ಮನಂತೆಯೇ ಇದೂ ಹೆಂಗಸರ ಹೆಸರಿನ ಕೊನೆಗೆ ಗೌರವಸೂಚಕವಾಗಿ ಸೇರುತ್ತಿತ್ತು. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ 10ನೇ ಶತಮಾನದ ಅತ್ತಿಮಬ್ಬೆ ಇದಕ್ಕೆ ಒಳ್ಳೆಯ ಉದಾಹರಣೆ. ಪಂಪನ ತಾಯಿ ಅಬ್ಬಣಬ್ಬೆ. ಈ ಪದ ಸತ್ತಿಲ್ಲ. ಹವ್ಯಕ ಮನೆಗಳಲ್ಲಿ ಮಕ್ಕಳು ಇಂದಿಗೂ ತಾಯಿಯನ್ನು ‘ಅಬ್ಬೆ’ ಎಂದೇ ಕರೆಯುತ್ತಾರೆ.

ಅಬ್ಬಿ ಎಂದರೆ ಜಲಪಾತ

ಕೊಡವ ಭಾಷೆಯಲ್ಲೂ ಮಲೆನಾಡಿನ ಕನ್ನಡದಲ್ಲೂ ಅಬ್ಬಿ ಎಂದರೆ ಮೇಲಿನಿಂದ ಬೀಳುವ ನೀರು. ಮಡಿಕೇರಿಯ ಹೆಸರನ್ನು ಇಂಗ್ಲಿಷ್ ಮಠದ ಕಾಗುಣಿತದಲ್ಲಿ ಬರೆಯುವುದರಿಂದ ಗೊಂದಲವಾಗಿದೆ. ‘ಅಬ್ಬಿ ಫಾಲ್ಸ್’ ಎಂದರೆ ‘ಜಲಪಾತ ಜಲಪಾತ’ ಎಂದಂತೆ!

ಇಂಗ್ಲಿಷಿನ ಅಬ್ಬಿ ಎಲ್ಲಿಂದ ಬಂತು?

ಅದು ಲ್ಯಾಟಿನ್ ಮೂಲಕ ಅರಮಾಯಿಕ್ ಭಾಷೆಯ ‘ಅಬ್ಬಾ’ದಿಂದ ಬಂದದ್ದು. ಅಬ್ಬಾ ಎಂದರೆ ತಂದೆ! ನಮ್ಮ ಅಬ್ಬೆ ತಾಯಿ. ಹಾಗಾದರೆ ಉಚ್ಚಾರ ಇಷ್ಟು ಹತ್ತಿರವೇಕೆ? ಮ, ಪ, ಬ ಧ್ವನಿಗಳಿಗೆ ತುಟಿ ಮುಚ್ಚಿ ತೆರೆದರೆ ಸಾಕು. ಮಗು ಮೊದಲು ತೊದಲುವುದು ಇವನ್ನೇ. ಅದನ್ನು ಕೇಳಿದ ದೊಡ್ಡವರು ತಮ್ಮನ್ನೇ ಕರೆಯಿತು ಎಂದುಕೊಳ್ಳುತ್ತಾರೆ. ವೇಲ್ಸ್ ದೇಶದ ವೆಲ್ಷ್ ಭಾಷೆಯಲ್ಲಿ ತಾಯಿ ‘ಮಾಮ್’. ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ. ಯಾರೂ ಯಾರಿಂದಲೂ ಕಡ ತಂದಿಲ್ಲ.

ಹರಿಯಬ್ಬೆಯಲ್ಲಿರುವುದು ಯಾವುದು?

ಹಿರಿಯೂರು ಮಳೆ ಕಡಿಮೆಯ ಬಯಲುಸೀಮೆ. ಅಲ್ಲಿ ಜಲಪಾತದ ಅರ್ಥ ಹೊಂದುವುದು ಕಷ್ಟ. ಹೆಣ್ಣಿನ ಹೆಸರಾಗಿ ನೋಡಿದರೆ ಸರಿಹೊಂದುತ್ತದೆ: ಹೊಯ್ಸಳ ವಿಷ್ಣುವರ್ಧನನ ಮಗಳ ಹೆಸರು ಹರಿಯಬ್ಬರಸಿ. ಹಾಗೆಂದು ಊರಿಗೆ ಆ ರಾಜಕುಮಾರಿಯ ಹೆಸರೇ ಬಂತು ಎನ್ನುವಂತಿಲ್ಲ. ಊರ ಹೆಸರಿನ ಮೂಲ ತೀರ್ಮಾನವಾಗುವುದು ಶಾಸನ, ಹಳೆಯ ದಾಖಲೆಗಳಲ್ಲಿ ಅದು ಹೇಗೆ ಬರೆದಿದೆ ಎಂಬುದರಿಂದ.

ಫಾರ್ವರ್ಡ್ ಮಾಡುವ ಮುನ್ನ

‘ಈ ಪದ ನಮ್ಮಿಂದಲೇ ಹೋಯಿತು’ ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಅರ್ಥವೂ ಹೊಂದುತ್ತದೆಯೇ? ಹಳೆಯ ರೂಪ ಯಾವುದು? ಎರಡು ಭಾಷೆಯವರು ಎಲ್ಲಿ, ಯಾವಾಗ ಒಡನಾಡಿದರು? ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಅತ್ತಿಮಬ್ಬೆಯ ಕನ್ನಡಕ್ಕೆ ಸುಳ್ಳು ಹಿರಿಮೆಯ ಅಗತ್ಯವಿಲ್ಲ.