ಹೊರುವವರ ವಾದ್ಯ

ಬೇಸ್ ಗಿಟಾರ್ ಹುಟ್ಟಿದ್ದು ಸಂಗೀತದ ತುರ್ತಿಗಿಂತ ಹೆಚ್ಚಾಗಿ ಸಾಗಾಟದ ತಾಪತ್ರಯದಿಂದ. 1940ರ ದಶಕದ ಅಮೆರಿಕದಲ್ಲಿ ಊರೂರು ಸುತ್ತುತ್ತಿದ್ದ ಬ್ಯಾಂಡುಗಳಲ್ಲಿ ಮಂದ್ರ ಸ್ವರದ ಹೊಣೆ ಆಳೆತ್ತರದ ಡಬಲ್ ಬೇಸ್‌ನದು. ಅದನ್ನು ಕಾರಿನ ಮೇಲೆ ಕಟ್ಟಬೇಕು, ಮಳೆ ಬಂದರೆ ಮುಚ್ಚಬೇಕು. ಇಷ್ಟೆಲ್ಲ ಮಾಡಿ ವೇದಿಕೆಗೆ ಹತ್ತಿಸಿದರೆ ಟ್ರಂಪೆಟ್, ಡ್ರಮ್ಮುಗಳ ನಡುವೆ ಅದರ ದನಿ ಮೂರನೆಯ ಸಾಲಿಗೂ ತಲುಪುತ್ತಿರಲಿಲ್ಲ. ಹೊರೆ ಇಳಿಯಬೇಕು, ದನಿ ಏರಬೇಕು: ಬೇಸ್ ನುಡಿಸುವವರ ಬೇಡಿಕೆ ಆಗಲೂ ಇದೇ, ಈಗಲೂ ಇದೇ. ಮುಕ್ಕಾಲು ಶತಮಾನದಲ್ಲಿ ಎರಡೂ ಈಡೇರಿವೆ. ಆದರೆ ಹೊರೆ ಇಳಿದ ಪ್ರತಿ ಸಲವೂ ನಮ್ಮ ನಾದದ ಮೇಲಿನ ಹಿಡಿತ ಒಂದಿಷ್ಟು ಬೇರೆಯವರ ಕೈಗೆ ಹೋಗಿದೆ. ಯಾವ ಸಾಮಾನು ಕೊಳ್ಳಬೇಕು ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಈ ಕತೆಯನ್ನೇ.

ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದ ಮಧ್ಯದಲ್ಲೇ ಆಡಿಯೋವಾಕ್ಸ್ ಹೆಸರಿನಲ್ಲಿ ಫ್ರೆಟ್ ಇರುವ, ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ್ದರು. ಅದು ಹೆಚ್ಚು ದೂರ ಹೋಗಲಿಲ್ಲ. ಲೋಕ ಸುತ್ತಿದ್ದು 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್. ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಲೇ ಇರಲಿಲ್ಲ. ಬಹುಶಃ ಅದಕ್ಕೇ ನುಡಿಸುವವರ ಗೊಣಗಾಟವನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡರು. ಅವರು ತಂತಿಗೆ ಆರಿಸಿಕೊಂಡ 34 ಇಂಚಿನ ಅಳತೆಯೇ ಇವತ್ತಿಗೂ ಬಹುಪಾಲು ಬೇಸ್‌ಗಳ ಅಳತೆ. ಫ್ರೆಟ್ ಇದ್ದದ್ದರಿಂದ ಸ್ವರ ಜಾರುವ ಭಯವಿಲ್ಲ. ಗಿಟಾರ್ ಬಲ್ಲವರು ಬೇಸ್ ಕೈಗೆತ್ತಿಕೊಂಡರೆ ಅವರಿಗೆ ಇನ್ನೊಂದು ಕೆಲಸವೂ ಸಿಗುವಂತಾಯಿತು. ಐವತ್ತರ ದಶಕದ ಆರಂಭದಲ್ಲೇ ಲಯೊನೆಲ್ ಹ್ಯಾಂಪ್ಟನ್ ಅವರ ಬ್ಯಾಂಡಿನಲ್ಲಿ ಮಾಂಕ್ ಮಾಂಟ್ಗೊಮರಿ ಇದನ್ನು ಹಿಡಿದು ದೊಡ್ಡ ವೇದಿಕೆಗಳಿಗೆ ಪರಿಚಯಿಸಿದರು.

ವಾದ್ಯ ಹಗುರಾಯಿತು ನಿಜ, ಆದರೆ ಅದರ ಬೆನ್ನಿಗೇ ದನಿ ಏರಿಸುವ ಆಂಪ್ ಬಂತು. ಫೆಂಡರ್ 1952ರಲ್ಲಿ ಬೇಸ್‌ಗೆಂದೇ ಬೇಸ್‌ಮನ್ ಆಂಪ್ ಹೊರತಂದರು. ಅದರ ಮುಂದಿನ ರೂಪ, ಹತ್ತಿಂಚಿನ ನಾಲ್ಕು ಸ್ಪೀಕರಿನದು, ಬೇಸ್‌ನವರಿಗಿಂತ ಗಿಟಾರಿನವರಿಗೇ ಹೆಚ್ಚು ಹಿಡಿಸಿತು. ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ತಮ್ಮ ಮೊದಲ ಆಂಪ್ ಕಟ್ಟಿದ್ದು ಅದರ ಸರ್ಕ್ಯೂಟ್ ನೋಡಿಕೊಂಡೇ. ಹೀಗೆ ರಾಕ್ ಗಿಟಾರಿನ ಅಬ್ಬರದ ಮೂಲ ಒಂದು ಬೇಸ್ ಆಂಪ್. ನಮ್ಮ ಪಾಲಿನದನ್ನು ಗಿಟಾರಿನವರು ಎತ್ತಿಕೊಂಡು ಹೋದ ಮೊದಲ ಪ್ರಸಂಗ ಅದು. ಬೇಸ್‌ನವರಿಗೆ ಒಗ್ಗಿದ್ದು ಆಂಪೆಗ್ ಕಂಪನಿ 1960ರಲ್ಲಿ ತಂದ ಬಿ-15. ಪ್ರೋಗ್ರಾಂ ಮುಗಿದ ಮೇಲೆ ಅದರ ಆಂಪ್ ಭಾಗವನ್ನು ತಲೆಕೆಳಗು ಮಾಡಿ ಸ್ಪೀಕರ್ ಪೆಟ್ಟಿಗೆಯೊಳಗೇ ಕೂರಿಸಬಹುದಿತ್ತು. ಸಾಮಾನು ಕಟ್ಟುವ ಗಳಿಗೆಯನ್ನೂ ಯೋಚಿಸಿ ಮಾಡಿದ ವಿನ್ಯಾಸ ಈ ಕ್ಷೇತ್ರದಲ್ಲಿ ಅಪರೂಪ.

ಈ ಹೊತ್ತಿಗೆ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ನೆಲಮಾಳಿಗೆ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಬೇಸ್ ಹಿಡಿದು ಕೂತಿದ್ದರು. ಸಾಮಾನಿನ ಹುಚ್ಚು ಹತ್ತಿದವರು ಇವರ ಬಳಿ ಏನಿತ್ತು ಎಂದು ಒಮ್ಮೆ ನೋಡಬೇಕು. 1962ರ ಒಂದು ಪ್ರಿಸಿಷನ್ ಬೇಸ್. ಅದಕ್ಕೆ ನುಣುಪಾದ ಪಟ್ಟಿ ಸುತ್ತಿದ ಲಾ ಬೆಲ್ಲಾ ತಂತಿ, ತುಂಡಾಗುವ ತನಕ ಬದಲಿಸುವ ಮಾತಿಲ್ಲ. ತಂತಿ ಕತ್ತಿನಿಂದ ಎಷ್ಟು ಮೇಲೆ ನಿಂತಿತ್ತೆಂದರೆ ಬೇರೆಯವರಿಗೆ ಅದನ್ನು ಒತ್ತಿ ನುಡಿಸುವುದೇ ಕಷ್ಟವಾಗುತ್ತಿತ್ತು. ಡಬಲ್ ಬೇಸ್‌ನಲ್ಲಿ ಪಳಗಿದ ಕೈಗೆ ಅದೇ ಹಿತ. ನುಡಿಸುತ್ತಿದ್ದದ್ದು ಬಲಗೈಯ ತೋರುಬೆರಳು ಒಂದರಲ್ಲೇ. ಆಂಪ್ ಹಾಯದೆ ಸಿಗ್ನಲ್ ನೇರ ಮಿಕ್ಸರ್‌ಗೆ ಹೋಗುತ್ತಿತ್ತು. ಇಷ್ಟರಲ್ಲೇ ಒಂದು ದಶಕದ ಅಮೆರಿಕದ ಜನಪ್ರಿಯ ಸಂಗೀತದ ತಳಪಾಯ ಎದ್ದಿತು. ಅಷ್ಟು ವರ್ಷ ನುಡಿಸಿಯೂ ಮೋಟೌನ್ ರೆಕಾರ್ಡಿನ ಹೊದಿಕೆಯಲ್ಲಿ ಅವರ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ರುಚಿ ಬೇರೆಯೇ ಇತ್ತು. ಇಂಗ್ಲೆಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್ 1966ರಲ್ಲಿ ರೋಟೋಸೌಂಡ್ ಕಂಪನಿಯವರ ಜೊತೆ ಕೂತು, ದುಂಡು ಸರಿಗೆ ಸುತ್ತಿದ ತಂತಿಯನ್ನು ಪಿಯಾನೋದಂತೆ ಝಣಗುಡುವ ಹಾಗೆ ತಿದ್ದಿಸಿದರು. ಬೇಸ್‌ನ ದನಿಯನ್ನು ಬದಲಿಸುವುದರಲ್ಲಿ ಕಟ್ಟಿಗೆ, ಪಿಕಪ್, ಬ್ರಾಂಡ್ ಎಲ್ಲಕ್ಕಿಂತ ತಂತಿಯೇ ಮುಂದು ಎಂಬುದು ನನ್ನ ಖಚಿತ ಅಭಿಪ್ರಾಯ. ದುಂಡು ಸರಿಗೆಯ ಹೊಳಪು ಕೆಲವೇ ವಾರದ್ದು. ಮಂಗಳೂರು, ಕಾರವಾರದ ಕಡೆಯ ಬೆವರು ಮತ್ತು ಉಪ್ಪುಗಾಳಿಗೆ ಇನ್ನೂ ಬೇಗ ತುಕ್ಕು. ನುಣುಪು ತಂತಿಗೆ ದುಡ್ಡು ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಅದು ಹಳೆಯ ಹಾಡುಗಳಿಗಷ್ಟೇ ಸರಿ ಎನ್ನುವವರು ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕೈಯನ್ನು ಗಮನಿಸಬೇಕು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿ ಹೋದ ಆ ಬ್ಯಾಂಡಿನ ಸ್ಥಾಪಕ ನುಡಿಸುವುದು ಪ್ರಿಸಿಷನ್ ಬೇಸ್, ಅದರ ಮೇಲೆ ನುಣುಪು ತಂತಿ.

ಅರುವತ್ತರ ದಶಕದ ಕೊನೆಗೆ ಕಾರ್ಯಕ್ರಮಗಳು ಸಭಾಂಗಣ ಬಿಟ್ಟು ಕ್ರೀಡಾಂಗಣಕ್ಕೆ ಬಂದವು. ಪಿಎ ವ್ಯವಸ್ಥೆ ಇನ್ನೂ ಹಾಡುವವರ ಮೈಕಿಗೆ ಮಾತ್ರ. ಬೇಸ್ ಕೊನೆಯ ಸಾಲಿಗೆ ಮುಟ್ಟಬೇಕಾದರೆ ವೇದಿಕೆಯ ಮೇಲಿನ ಆಂಪೇ ಗತಿ. ಆಂಪೆಗ್ 1969ರಲ್ಲಿ ಎಸ್‌ವಿಟಿ ತಂದಿತು: ಹದಿನಾಲ್ಕು ವಾಲ್ವ್, 300 ವ್ಯಾಟ್, ಹತ್ತಿಂಚಿನ ಎಂಟು ಸ್ಪೀಕರಿನ ಪೆಟ್ಟಿಗೆ. ಆ ವರ್ಷ ರೋಲಿಂಗ್ ಸ್ಟೋನ್ಸ್ ತಮ್ಮ ಅಮೆರಿಕ ಪ್ರವಾಸಕ್ಕೆ ಅದನ್ನೇ ಒಯ್ದರು. ಹೆಡ್ ಒಂದೇ 35 ಕಿಲೋ ಮೀರುತ್ತದೆ, ಪೆಟ್ಟಿಗೆ 60 ಕಿಲೋ ದಾಟುತ್ತದೆ. ಬೇಸ್‌ಗೆ ಇಷ್ಟು ಶಕ್ತಿ ಯಾಕೆ ಬೇಕು ಎಂದರೆ, ಕಿವಿ ಮಂದ್ರ ಸ್ವರಕ್ಕೆ ಮಂದ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದು ಗಾಯಕಿಯ ದನಿಯಷ್ಟೇ ಜೋರಾಗಿ ಕೇಳಿಸಲು ಎಷ್ಟೋ ಪಟ್ಟು ಹೆಚ್ಚು ಗಾಳಿ ತಳ್ಳಬೇಕು. ಅದರಲ್ಲೂ ವ್ಯಾಟ್ ಇಮ್ಮಡಿಸಿದರೆ ಸಿಗುವುದು ಮೂರು ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಅಂಗಡಿಯಲ್ಲಿ 300ಕ್ಕೂ 500ಕ್ಕೂ ಬೆಲೆಯಲ್ಲಿ ಕಾಣುವ ಅಂತರ ವೇದಿಕೆಯಲ್ಲಿ ಕಿವಿಗೆ ಕಾಣುವುದೇ ಇಲ್ಲ. ಸ್ಪೀಕರ್ ಪೆಟ್ಟಿಗೆ ಬದಲಿಸಿದರೆ ಮಾತ್ರ ತಕ್ಷಣ ಕಾಣುತ್ತದೆ. ಆ ದುಡ್ಡನ್ನು ಅಲ್ಲಿ ಹಾಕುವುದು ಮೇಲು.

ಎಪ್ಪತ್ತರ ದಶಕ ನುಡಿಸಾಣಿಕೆಯದು. ಡ್ರಮ್ಮರ್ ಇಲ್ಲದೆ ತಾಯಿಯ ಜೊತೆ ನುಡಿಸುತ್ತಿದ್ದ ಲ್ಯಾರಿ ಗ್ರಹಾಂ ಹೆಬ್ಬೆರಳಿನಲ್ಲಿ ತಂತಿ ಬಡಿದು ಡ್ರಮ್ಮಿನ ಕೊರತೆ ತುಂಬಿಕೊಂಡದ್ದು ಸ್ಲ್ಯಾಪ್ ಎಂಬ ಶೈಲಿಯೇ ಆಯಿತು. ಜಾಕೋ ಪಾಸ್ಟೋರಿಯಸ್ ಫೆಂಡರ್ ಜಾಝ್ ಬೇಸ್‌ನ ಫ್ರೆಟ್ ಕಿತ್ತು, ಬೆರಳ ಹಲಗೆಗೆ ಎಪಾಕ್ಸಿ ಬಳಿದು, 1976ರ ತಮ್ಮ ಮೊದಲ ಆಲ್ಬಂನಲ್ಲಿ ಆ ವಾದ್ಯವನ್ನು ಹಾಡಿಸಿಬಿಟ್ಟರು. ಅದೇ ವರ್ಷ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯ ಹೊಟ್ಟೆಯೊಳಗೆ ಬ್ಯಾಟರಿಯಲ್ಲಿ ನಡೆಯುವ ಪ್ರಿಆಂಪ್ ಇತ್ತು. ಬ್ಯಾಟರಿ ಬೇಸ್ ಕೊಳ್ಳುವವರಿಗೆ ಒಂದೇ ಮಾತು: ನುಡಿಸದಾಗ ಕೇಬಲ್ ಕಿತ್ತಿಡಿ, ಸಿಕ್ಕಿಸಿಟ್ಟಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ. ಎಂಬತ್ತರ ದಶಕದಲ್ಲಿ ಸಿಂಥ್ ಕೀಬೋರ್ಡುಗಳು ಬೇಸ್ ಗಿಟಾರ್ ಇಳಿಯಲಾಗದ ಆಳಕ್ಕೆ ಇಳಿದಾಗ ನಮ್ಮವರು ಐದನೆಯ ತಂತಿ ಸೇರಿಸಿಕೊಂಡು ಸೆಕೆಂಡಿಗೆ 31 ಕಂಪನದವರೆಗೆ ಹೋದರು. ಆ ಸ್ವರದ ಒಂದು ಅಲೆ ಸುಮಾರು 11 ಮೀಟರ್ ಉದ್ದ. ನಮ್ಮ ಎಷ್ಟೋ ಪಬ್ಬುಗಳ ಅಗಲ ಅಷ್ಟಿಲ್ಲ. ಅಲ್ಲಿ ಐದನೆಯ ತಂತಿ ಮುಟ್ಟಿದರೆ ಒಂದು ಮೂಲೆಯಲ್ಲಿ ಗುಂಯ್, ಇನ್ನೊಂದು ಮೂಲೆಯಲ್ಲಿ ಏನೂ ಇಲ್ಲ.

ಕೀಬೋರ್ಡಿನ ಪೆಟ್ಟು ನಮ್ಮಲ್ಲಿ ಇನ್ನೂ ಜೋರಾಗಿ ಬಿತ್ತು. ಮುಂಬೈಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಚರಣ್‌ಜಿತ್ ಸಿಂಗ್, ಚೆನ್ನೈನಲ್ಲಿ ಎ.ಆರ್. ರೆಹಮಾನ್ ಜೊತೆ ಕೀತ್ ಪೀಟರ್ಸ್ ಅಂಥ ಬೇಸ್ ವಾದಕರು ಹೆಸರು ಮಾಡಿದರು ನಿಜ. ಆದರೆ ಕನ್ನಡ ಚಿತ್ರಗೀತೆಗಳು ಬಹುಕಾಲ ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಅಲ್ಲಿ ಬೇಸ್ ನುಡಿಸಿದವರ ಹೆಸರನ್ನು ನಮ್ಮ ಮನೆಯ ಕ್ಯಾಸೆಟ್ಟಿನ ಚೀಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಹಾಡುಗಳನ್ನು ಊರೂರಿಗೆ ಒಯ್ದದ್ದು ರಸಮಂಜರಿ ತಂಡಗಳು. ಗಣೇಶ ಕೂರಿಸಿದ ದಿನದಿಂದ ನವೆಂಬರ್ ರಾಜ್ಯೋತ್ಸವ ಮುಗಿಯುವ ತನಕ ಸುಗ್ಗಿ. ವ್ಯಾನಿನಲ್ಲಿ ಜಾಗ ಕಡಿಮೆಯಾದಾಗ, ಪೇಮೆಂಟ್ ಹಂಚುವ ತಲೆ ಕಡಿಮೆ ಮಾಡಬೇಕಾದಾಗ ಮೊದಲು ಇಳಿದವರು ಬೇಸ್‌ನವರು. ಕೀಬೋರ್ಡಿನವರ ಎಡಗೈ ಅವರ ಕೆಲಸ ಮಾಡಿತು. ಆಮೇಲೆ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಬಂದು ಆ ಎಡಗೈಗೂ ರಜೆ ಕೊಟ್ಟಿತು. ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮದಂಥ ಬೆಂಗಳೂರಿನ ಬ್ಯಾಂಡುಗಳು ಕನ್ನಡ ಹಾಡಿನ ಜೊತೆ ಬೇಸ್ ಗಿಟಾರನ್ನು ಮತ್ತೆ ವೇದಿಕೆಯ ಮುಂದಕ್ಕೆ ತಂದದ್ದು ಇಷ್ಟೆಲ್ಲ ಆದ ಮೇಲೆ.

ರಸಮಂಜರಿಯ ವೇದಿಕೆ ಬೇಸ್‌ನ ಪಿಕಪ್‌ಗೆ ಅಗ್ನಿಪರೀಕ್ಷೆ. ಒಂದು ಕಡೆ ಜನರೇಟರ್, ಸುತ್ತ ಸೀರಿಯಲ್ ಲೈಟ್, ಮೇಲೆ ಡಿಮ್ಮರಿಗೆ ಕಟ್ಟಿದ ಬಣ್ಣದ ಪಾರ್ ದೀಪ, ಅರ್ತಿಂಗ್ ಇದೆಯೋ ಇಲ್ಲವೋ ಹೇಳುವವರಿಲ್ಲ. ಜಾಝ್ ಬೇಸ್‌ನ ಎರಡು ಪಿಕಪ್‌ಗಳನ್ನೂ ಪೂರ್ತಿ ಏರಿಸಿಟ್ಟರೆ ಒಂದರ ಗುಂಯ್‌ಗುಟ್ಟುವಿಕೆಯನ್ನು ಇನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಸ್ವಲ್ಪ ಇಳಿಸಿ ನೋಡಿ, ಪಿಎಯಲ್ಲಿ ದುಂಬಿ ಎದ್ದೇಬಿಡುತ್ತದೆ. 1957ರಿಂದ ಎರಡು ತುಂಡಾಗಿ ಬಂದ ಪ್ರಿಸಿಷನ್ ಪಿಕಪ್‌ಗೆ ಈ ಕಾಟವಿಲ್ಲ. ಅಂಗಡಿಯಲ್ಲಿ ಏಸಿ ಹಾಕಿಕೊಂಡು ನುಡಿಸಿ ನೋಡುವವರಿಗೆ ಇದು ಗೊತ್ತಾಗುವ ಬಗೆಯಿಲ್ಲ. ಹಳ್ಳಿ, ಮದುವೆ, ಬಯಲು ಕಾರ್ಯಕ್ರಮ ಹೆಚ್ಚಾಗಿ ಮಾಡುವವರಿಗೆ ನನ್ನ ಓಟು ಪ್ರಿಸಿಷನ್‌ಗೇ.

2000ರ ನಂತರದ ಕತೆ ಪೂರ್ತಿ ಭಾರ ಇಳಿಸುವುದರದ್ದು. ಸ್ಪೀಕರಿನ ಫೆರೈಟ್ ಅಯಸ್ಕಾಂತದ ಜಾಗಕ್ಕೆ ನಿಯೋಡಿಮಿಯಂ, ದಪ್ಪ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಸ್ವಿಚಿಂಗ್ ಪವರ್ ಸಪ್ಲೈ ಮತ್ತು ಕ್ಲಾಸ್ ಡಿ ಸರ್ಕ್ಯೂಟ್ ಬಂದವು. ಇಟಲಿಯ ಮಾರ್ಕ್‌ಬೇಸ್‌ನಂಥ ಕಂಪನಿಗಳ ಕೈಯಲ್ಲಿ 500 ವ್ಯಾಟ್ ಎಂಬುದು ಬ್ಯಾಗಿನ ಜೇಬಿಗಿಳಿಯುವ ಮೂರು ಕಿಲೋದೊಳಗಿನ ಡಬ್ಬಿಯಾಯಿತು. ಮೂರನೆಯ ಮಹಡಿಯ ಪಬ್ಬಿಗೆ ಲಿಫ್ಟ್ ಕೆಟ್ಟಾಗ ಇದರ ಬೆಲೆ ತಿಳಿಯುತ್ತದೆ. ಆದರೆ ಡಬ್ಬಿಯ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ ನಾಲ್ಕು ಓಮ್‌ಗೆ. ಎಂಟು ಓಮ್‌ನ ಒಂದೇ ಪೆಟ್ಟಿಗೆ ಜೋಡಿಸಿದರೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಹಾಗಾಗಿ ಎಂಟು ಓಮ್‌ನ ಎರಡು ಸಣ್ಣ ಪೆಟ್ಟಿಗೆ ಇಟ್ಟುಕೊಂಡರೆ ಸಣ್ಣ ಜಾಗಕ್ಕೆ ಒಂದು, ದೊಡ್ಡದಕ್ಕೆ ಎರಡು. ಇನ್ನೊಂದು ಗಮನಿಸಬೇಕಾದದ್ದು ಕೇಬಲ್. ಆಂಪಿನಿಂದ ಸ್ಪೀಕರಿಗೆ ಗಿಟಾರ್ ಕೇಬಲ್ ಹಾಕುವುದೆಂದರೆ ಇಸ್ತ್ರಿ ಪೆಟ್ಟಿಗೆಗೆ ಮೊಬೈಲ್ ಚಾರ್ಜರಿನ ವೈರ್ ಹಾಕಿದ ಹಾಗೆ. ಎರಡೂ ನೋಡಲು ಒಂದೇ ಥರ ಇರುವುದರಿಂದ ಗಡಿಬಿಡಿಯಲ್ಲಿ ಅದಲುಬದಲಾಗುವುದು ಸಾಮಾನ್ಯ.

ಪಿಎ ದೊಡ್ಡದಾಗುತ್ತ ಬಂದಂತೆ ಬೇಸ್ ಅದರೊಳಗೇ ಸೇರಿತು. ಜೇಮರ್ಸನ್ ಸ್ಟುಡಿಯೋದಲ್ಲಿ ಮಾಡಿದ್ದನ್ನು ಈಗ ಎಲ್ಲರೂ ವೇದಿಕೆಯಲ್ಲಿ ಮಾಡುತ್ತೇವೆ: ಡಿಐ ಬಾಕ್ಸಿನಿಂದ ನೇರ ಮಿಕ್ಸರ್‌ಗೆ. ವೇದಿಕೆಯ ಆಂಪ್ ಏನಿದ್ದರೂ ನಮ್ಮ ಕಿವಿಗೆ. ಸಭಿಕರು ಕೇಳುವುದು ಸೌಂಡ್‌ನವರು ಕಳಿಸಿದ್ದನ್ನು. ಲೈನ್ ಚೆಕ್‌ನಲ್ಲಿ ಅವರು ಕೊಡುವುದು ಅರ್ಧ ನಿಮಿಷ. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಬೇಸ್ ಚಾನಲ್ಲಿನ ಲೋ ನಾಬ್ ಬಲಕ್ಕೆ ತಿರುಗಿ ನಿಂತಿರುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ, ಕಿಕ್ ಡ್ರಮ್ಮಿನ ಸದ್ದು ದಪ್ಪ ಬಂದರೆ ಜನ ಕುಣಿಯುತ್ತಾರೆಂದು ಅವರಿಗೆ ಗೊತ್ತು. ನಮ್ಮ ಉಪಾಯವೆಂದರೆ ಮಿಕ್ಸರ್‌ಗೆ ಹೋಗುವ ಮುಂಚೆಯೇ ನಾದ ತಿದ್ದಿ ಕಳಿಸುವುದು. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಬಂದಾಗಿನಿಂದ ಆಂಪಿನ ಬಣ್ಣವನ್ನು ಅಂಗೈಯಗಲದ ಪೆಡಲ್ಲಿನಲ್ಲಿ ಒಯ್ಯಬಹುದಾಗಿದೆ. ಈಗ ಫಿನ್ಲೆಂಡ್‌ನ ಡಾರ್ಕ್‌ಗ್ಲಾಸ್ ಸೇರಿ ಹತ್ತಾರು ಆಯ್ಕೆಗಳಿವೆ. ಕೈಯಲ್ಲಿ ಮೂವತ್ತು ಸಾವಿರ ಇದ್ದು ಆಂಪ್ ಕೊಳ್ಳಲೇ, ಇಂಥ ಪ್ರಿಆಂಪ್ ಕೊಳ್ಳಲೇ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ, ಸ್ವಲ್ಪ ಬೇಸರದಿಂದಲೇ.

ವಾದ್ಯದ ಬಗ್ಗೆ ಮಾತ್ರ ಚಿಂತೆ ಬೇಡ. ಮೊದಲೆಲ್ಲ ಗಿವ್ಸನ್‌ನಂಥ ದೇಸಿ ಬೇಸ್, ಇಲ್ಲವೇ ವಿದೇಶದಲ್ಲಿರುವ ನೆಂಟರ ಸೂಟ್‌ಕೇಸು. ಫೆಂಡರ್ 1982ರಲ್ಲಿ ಜಪಾನಿನಲ್ಲಿ ಸ್ಕ್ವಾಯರ್ ಹೆಸರಿನ ಅಗ್ಗದ ಸಾಲು ತೆಗೆದ ಮೇಲೆ, ತಯಾರಿ ಕೊರಿಯಾ, ಚೀನಾ, ಇಂಡೊನೇಷ್ಯಾಗಳಿಗೆ ಹಬ್ಬಿ, ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರಗಳು ಬಂದು, ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಸುಧಾರಿಸಿದ್ದು ಕಡಿಮೆ ಬೆಲೆಯ ಬೇಸ್‌ಗಳೇ. ಅಂಥದ್ದೊಂದನ್ನು ತಂದು, ಒಳ್ಳೆಯ ರಿಪೇರಿಯವರ ಹತ್ತಿರ ಕತ್ತಿನ ಬಾಗು ನೇರ ಮಾಡಿಸಿ, ಫ್ರೆಟ್ ಮಟ್ಟ ಮಾಡಿಸಿ, ತಂತಿಯ ಎತ್ತರ ಕೈಗೆ ಒಗ್ಗುವ ಹಾಗೆ ಇಳಿಸಿಕೊಂಡರೆ ಎಷ್ಟೋ ವರ್ಷದ ಪ್ರೋಗ್ರಾಮಿಗೆ ಸಾಕು. ಮಳೆಗಾಲದ ತೇವಕ್ಕೆ ಕತ್ತು ಮತ್ತೆ ಬಾಗುತ್ತದೆ, ಅಲೆನ್ ಕೀ ಒಂದು ಬ್ಯಾಗಿನಲ್ಲಿರಲಿ.

ಈಚಿನ ಕಾರ್ಪೊರೇಟ್ ಮತ್ತು ಮದುವೆ ವೇದಿಕೆಗಳಲ್ಲಿ ಆಂಪೇ ಇರುವುದಿಲ್ಲ. ಎಲ್ಲರ ಕಿವಿಯಲ್ಲೂ ಇನ್-ಇಯರ್, ಕ್ಲಿಕ್ ಜೊತೆ ಟ್ರ್ಯಾಕ್, ವೇದಿಕೆಯ ಮೇಲೆ ಕೇಳಿಸುವುದು ಡ್ರಮ್ಮಿನ ಬರಿ ಸದ್ದು. ಬೇಸ್, ಪೆಡಲ್, ಎರಡು ಕೇಬಲ್ ಬೆನ್ನಿಗೆ ಹಾಕಿಕೊಂಡು ಮೆಟ್ರೋದಲ್ಲಿ ಹೋಗಿ ಬರಬಹುದು. ಹೊರುವ ಕತೆ ಅಲ್ಲಿಗೆ ಮುಗಿಯಿತು. ಹೊಸ ತಕರಾರು ಬೇರೆ. ಒಬ್ಬೊಬ್ಬರೂ ತಮ್ಮ ಕಿವಿಯ ಮಿಕ್ಸನ್ನು ತಮ್ಮ ಫೋನಿನಲ್ಲೇ ಮಾಡಿಕೊಳ್ಳುತ್ತಾರೆ. ಡ್ರಮ್ಮರ್ ತನ್ನ ಫೋನಿನಲ್ಲಿ ಬೇಸ್ ಇಳಿಸಿ ಟ್ರ್ಯಾಕ್ ಏರಿಸಿಕೊಂಡು ಕೂತಿದ್ದರೆ, ಪಕ್ಕದಲ್ಲೇ ನಿಂತು ಇಡೀ ಕಾರ್ಯಕ್ರಮ ನುಡಿಸಿದ ನಮಗೆ ಅದು ಗೊತ್ತಾಗುವುದು ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟರೆ ಮಾತ್ರ.